ಪಾಠ 12: ಹರಿಗೋಲು

ಹೊಳೆಯ ಈಚೆ ಊರು. ಆಚೆ ಗದ್ದೆ. ನಡುವೆ ತುಂಗಭದ್ರೆ.

ಊರಿನ ಒಂಬತ್ತು ಹೆಣ್ಣುಮಕ್ಕಳು ದಿನಾ ಹೊಳೆ ದಾಟಿ ಕಳೆ ಕೀಳಲು ಹೋಗುತ್ತಾರೆ. ದಾಟಲು ಇರುವುದು ಒಂದೇ ಹರಿಗೋಲು. ಅದು ಹಳೆಯದಾಗಿ ಸೋರುತ್ತಿತ್ತು. ಅಂಬಿಗರ ಅಜ್ಜ ಹೊಸದು ಕಟ್ಟಲು ಕುಳಿತ.

ಅಜ್ಜ ಮೊದಲು ಬಿದಿರು ಸೀಳಿದ. ಉದ್ದನೆಯ ದಬ್ಬೆ ಮಾಡಿದ. ದಬ್ಬೆಗಳನ್ನು ನೆಲದ ಮೇಲೆ ಅಡ್ಡ, ಉದ್ದ ಹಾಕಿ ಹೆಣೆದ. ಅದೇ ಹರಿಗೋಲಿನ ತಳ. ತಳ ಏಳದಂತೆ ಮೇಲೆ ಕಲ್ಲು ಹೇರಿದ. ಆಮೇಲೆ ದಬ್ಬೆಗಳ ತುದಿಗಳನ್ನು ಮೇಲಕ್ಕೆ ಬಾಗಿಸಿದ. ಸುತ್ತಲೂ ಹೆಣೆಯುತ್ತಾ ಬಂದ. ಅಂಚಿಗೆ ಬಿದಿರಿನ ಬಳೆ ಕೂಡಿಸಿ ಬಿಗಿಯಾಗಿ ಕಟ್ಟಿದ.

“ಅಜ್ಜಾ, ಬುಟ್ಟಿ ಹೆಣದಂಗ ಹೆಣೀತಿಯಲ್ಲ?”

“ಹೌದವ್ವ, ಇದೂ ಬುಟ್ಟೀನ. ನಿನ್ನ ಬುಟ್ಟಿ ರೊಟ್ಟಿ ಹೊರತೈತಿ. ಇದು ಮಂದೀನ ಹೊರತೈತಿ.”

ಹಿಂದೆ ಈ ಬುಟ್ಟಿಗೆ ಹೊರಗಿನಿಂದ ದನದ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿಯುತ್ತಾರೆ. ಅಜ್ಜನೂ ಹಾಗೆಯೇ ಮಾಡಿದ. ಡಾಂಬರು ಕಾಯಿಸುವಾಗ ಮಕ್ಕಳನ್ನು ದೂರ ಕಳಿಸಿದ. ಬೋರಲು ಹಾಕಿ ಬಿಸಿಲಿಗೆ ಒಣಗಿಸಿದ.

ಹರಿಗೋಲು ಹಗುರ. ತಳ ಚಪ್ಪಟೆ. ಹಾಗಾಗಿ ಬಂಡೆಗಳ ನಡುವೆ, ಕಡಿಮೆ ನೀರಿನಲ್ಲೂ ತೇಲುತ್ತದೆ. ನಡೆಸಲು ಒಂದು ಹುಟ್ಟು ಸಾಕು.

ಇದು ನಿನ್ನೆ ಮೊನ್ನೆಯ ದೋಣಿಯಲ್ಲ. ಸುಮಾರು 1520ರಲ್ಲಿ ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಆನೆಗೊಂದಿಗೆ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ದಾಟುವುದನ್ನು ಅವನು ಬರೆದಿಟ್ಟ. ಒಳಗೆ ಬೆತ್ತ, ಹೊರಗೆ ಚರ್ಮ. ನೇರ ಹೋಗದೆ ತಿರುಗುತ್ತಾ ಸಾಗುತ್ತದೆ ಎಂದೂ ಬರೆದ.

ಹೊಸ ಹರಿಗೋಲು ನೀರಿಗಿಳಿಯಿತು. ಒಂಬತ್ತು ಜನರೂ ಹತ್ತಲು ಬಂದರು. ಅಜ್ಜ ಕೈ ಅಡ್ಡ ಹಿಡಿದ.

“ಆರು ಮಂದಿ ಅಷ್ಟ. ಉಳಿದವರು ಆಮ್ಯಾಲೆ.”

“ತಡಾ ಆದ್ರ ಗೌಡ್ರು ಅರ್ಧ ಕೂಲಿ ಮುರೀತಾರ ಅಜ್ಜಾ. ಹೆಂಗರ ಮಾಡಿ ಕುಂದರ್ತೀವಿ.”

ಅಜ್ಜ ಕೇಳಿದ: “ಒಂದು ಲೀಟರ್ ನೀರು ಎಷ್ಟು ತೂಗತೈತಿ?”

“ಒಂದು ಕಿಲೋ.”

“ನೀನು ಐವತ್ತು ಕಿಲೋ ಅದಿ ಅನ್ನು. ನೀನು ಹತ್ತಿದ್ರ ಹರಿಗೋಲು ಇನ್ನೂ ಐವತ್ತು ಲೀಟರ್ ನೀರು ಸರಿಸಬೇಕು. ಅಂದ್ರ ಹತ್ತು ಲೀಟರಿನ ಐದು ಕೊಡ. ಅಷ್ಟು ನೀರು ಸರಿಸಾಕ ಅದು ಕೆಳಗ ಇಳೀತೈತಿ. ಮಂದಿ ಹೆಚ್ಚಾದಂಗ ಅಂಚು ನೀರಿನ ಹತ್ರ ಬರತೈತಿ. ಆಗ ಒಬ್ಬಾಕಿ ಎದ್ದು ನಿಂತರೂ ಸಾಕು, ಹರಿಗೋಲು ವಾಲತೈತಿ. ನೀರು ಒಳಗ ನುಗ್ಗತೈತಿ.”

ಯಾರೂ ಮಾತಾಡಲಿಲ್ಲ. ಎಲ್ಲರ ಮನೆಯಲ್ಲೂ ಮಕ್ಕಳಿದ್ದರು.

ಕೊನೆಗೆ ಹಿರಿಯಳು ಹೇಳಿದಳು: “ಇವತ್ತು ನಾವು ಮೂವರು ಹಿಂದ ಉಳೀತೀವಿ. ಗೌಡ್ರು ಕೂಲಿ ಮುರಿದ್ರ ಒಂಬತ್ತು ಮಂದೀನೂ ಹಂಚಿಕೊಳ್ಳೋಣ. ನಾಳೆಯಿಂದ ಅರ್ಧ ತಾಸು ಮೊದಲ ಬರೋಣ.”

ಎಲ್ಲರೂ ಒಪ್ಪಿದರು. ಆ ಸಂಜೆ ಅವಳು ಉಳಿದ ಡಾಂಬರಿನಲ್ಲಿ ಕಡ್ಡಿ ಅದ್ದಿದಳು. ದಡದ ದೊಡ್ಡ ಬಂಡೆಯ ಮೇಲೆ ತನ್ನ ಕೈಯಾರೆ ಬರೆದಳು:

6 ಜನ ಮಾತ್ರ.

ನೆನಪಿಡಿ

• ಹರಿಗೋಲಿನಲ್ಲಿ ಎದ್ದು ನಿಲ್ಲಬೇಡಿ. ಸುತ್ತಲೂ ಸಮನಾಗಿ ಕುಳಿತುಕೊಳ್ಳಿ.
• ತೇಲುವ ಜಾಕೆಟ್ ಇದ್ದರೆ ತಪ್ಪದೆ ಹಾಕಿಕೊಳ್ಳಿ.
• ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಹೊಳೆ ಏರುತ್ತದೆ. ಆಗ ಹರಿಗೋಲು ಹತ್ತಬೇಡಿ.
• ತಳದಲ್ಲಿ ತೂತು ಕಂಡರೆ ಮೊದಲು ಮುಚ್ಚಿಸಿ. ಆಮೇಲೆ ದಾಟಿ.

ಓದಿ, ಬರೆಯಿರಿ

ದಬ್ಬೆ, ಬುಟ್ಟಿ, ಹುಟ್ಟು, ಅಂಚು, ಬಂಡೆ, ಅಂಬಿಗ

ಲೆಕ್ಕ ಮಾಡಿ

ಒಬ್ಬರ ತೂಕ 50 ಕಿಲೋ. 6 ಜನ ಹತ್ತಿದರೆ ಎಷ್ಟು ಕೊಡ ನೀರು ಸರಿಯಬೇಕು? 9 ಜನ ಹತ್ತಿದರೆ? (ಒಂದು ಕೊಡಕ್ಕೆ 10 ಲೀಟರ್.)

ಮಾತಾಡಿ

ನಿಮ್ಮ ಊರಿನಲ್ಲಿ ದೋಣಿ, ಟೆಂಪೊ, ಟ್ರ್ಯಾಕ್ಟರ್‌ಗಳಲ್ಲಿ ಎಷ್ಟು ಜನ ಹತ್ತುತ್ತಾರೆ? ಬೇಡ ಎಂದು ಹೇಳುವವರು ಯಾರು?