ಕಿವಿಗೆ ದಕ್ಕುವ ಫ್ರಾನ್ಸ್: ಧ್ವನಿದಾಖಲೆ, ಸಮಾಜಾಧ್ಯಯನ ಮತ್ತು ರಾಯಚೂರು ಸೀಮೆಯ ಕನ್ನಡ

ಕನ್ನಡ ಸಾಹಿತ್ಯವಲಯಕ್ಕೆ ಫ್ರಾನ್ಸ್ ಪರಿಚಯವಾದದ್ದು ಬಹುಮಟ್ಟಿಗೆ ಅಚ್ಚಿನ ಮೂಲಕ, ಅದರಲ್ಲೂ ಇಂಗ್ಲಿಷಿನ ಮಧ್ಯಸ್ಥಿಕೆಯಲ್ಲಿ. ನವ್ಯದ ಕಾಲದಲ್ಲಿ ಸಾರ್ತ್ರ್ ಮತ್ತು ಕಮೂ ಚರ್ಚೆಗೆ ಒದಗಿದರು, ಪಿ. ಲಂಕೇಶರು ಬೋದಿಲೇರನ ಕವಿತೆಗಳನ್ನು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದರು. ಇವುಗಳಿಂದ ಕನ್ನಡಕ್ಕಾದ ಲಾಭ ಸಣ್ಣದಲ್ಲ. ಆದರೆ ಹೀಗೆ ಬಂದ ಫ್ರಾನ್ಸಿಗೆ ದನಿ ಇರಲಿಲ್ಲ. ಅದು ಒಂದೇ ಭಾಷೆಯ, ಒಂದೇ ನಗರದ, ವಿದ್ಯಾವಂತರ ಫ್ರಾನ್ಸ್ ಆಗಿ ಕಾಣಿಸಿಕೊಂಡಿತು. ಆ ದೇಶದ ಧ್ವನಿದಾಖಲೆಗಳನ್ನು ಕೇಳಿದಾಗ ಈ ಚಿತ್ರ ಒಡೆಯುತ್ತದೆ. ಅದು ಹೇಗೆ ಒಡೆಯುತ್ತದೆ, ಆ ಅನುಭವ ರಾಯಚೂರು ಸೀಮೆಯ ಕನ್ನಡದ ಅಧ್ಯಯನಕ್ಕೆ ಯಾವ ಬಗೆಯಲ್ಲಿ ಒದಗಬಲ್ಲದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫ್ರೆಂಚ್ ಬರಹಕ್ಕೂ ಉಚ್ಚಾರಣೆಗೂ ನಡುವೆ ಇರುವ ಅಂತರ ಎಲ್ಲರಿಗೂ ತಿಳಿದದ್ದೇ. ‘ಅವನು ಮಾತಾಡುತ್ತಾನೆ’, ‘ಅವರು ಮಾತಾಡುತ್ತಾರೆ’ ಎಂಬ ಎರಡು ರೂಪಗಳು ಬರಹದಲ್ಲಿ ಬೇರೆ ಬೇರೆ. ಕಿವಿಗೆ ಎರಡೂ ‘ಇಲ್ ಪಾರ್ಲ್’. ಕ್ರಿಯಾಪದವು ಸ್ವರದಿಂದ ತೊಡಗಿದರೆ ಮಾತ್ರ ನಡುವೆ ‘ಝ್’ ಧ್ವನಿ ನುಸುಳಿ ಬಹುವಚನವನ್ನು ಸೂಚಿಸುತ್ತದೆ. ಇದು ವ್ಯಾಕರಣದ ಮಾತಾಯಿತು. ಸಮಾಜದ ಮಾತು ಬೇರೆಯೇ ಇದೆ. ‘ನನಗೆ ಗೊತ್ತಿಲ್ಲ’ ಎಂಬ ಅರ್ಥದ ಶಿಷ್ಟ ವಾಕ್ಯವನ್ನು ಪುಸ್ತಕ ನಾಲ್ಕು ಪದಗಳಲ್ಲಿ ಕಲಿಸುತ್ತದೆ. ಬೀದಿಯಲ್ಲಿ ಅದು ‘ಶೇ ಪಾ’ ಎಂದು ಎರಡು ಅಕ್ಷರಕ್ಕೆ ಇಳಿಯುತ್ತದೆ. ಯಾರು, ಯಾರ ಎದುರು, ಎಲ್ಲಿ ಪೂರ್ಣರೂಪ ಬಳಸುತ್ತಾರೆ ಎಂಬುದರಲ್ಲಿ ವರ್ಗ, ವಯಸ್ಸು, ಸಂಕೋಚ ಎಲ್ಲವೂ ಅಡಗಿರುತ್ತವೆ. ನಿಘಂಟು ಇದನ್ನು ಹೇಳಲಾರದು.

ಈ ಅಂತರಕ್ಕೆ ಒಂದು ರಾಜಕೀಯ ಚರಿತ್ರೆಯೂ ಇದೆ. 1794ರಲ್ಲಿ ಅಬ್ಬೆ ಗ್ರೆಗ್ವಾರ್ ಕ್ರಾಂತಿಕಾರಿ ಸಭೆಯ ಮುಂದೆ ಮಂಡಿಸಿದ ವರದಿಯು ದೇಶದ ಆಡುನುಡಿಗಳನ್ನು ಅಳಿಸಿಹಾಕಿ ಫ್ರೆಂಚನ್ನು ಸಾರ್ವತ್ರಿಕಗೊಳಿಸಬೇಕೆಂದು ವಾದಿಸಿತು. ಫ್ರೆಂಚನ್ನು ಶುದ್ಧವಾಗಿ ಮಾತಾಡುವವರು ಸುಮಾರು 30 ಲಕ್ಷವೆಂದೂ, ಅದನ್ನೇ ಅರಿಯದವರು ಕನಿಷ್ಠ 60 ಲಕ್ಷವೆಂದೂ ಅದರ ಅಂದಾಜು. ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯಗೊಳಿಸಿದ 1881-82ರ ಕಾಯಿದೆಗಳ ನಂತರ ಶಾಲೆಗಳು ಈ ಕೆಲಸವನ್ನು ಮುಂದುವರಿಸಿದವು. ಅಳಿಸಬೇಕೆಂದು ಹೊರಟ ಪ್ರಭುತ್ವವೇ ಎಣಿಸಿಡಲೂ ಹೊರಟಿತೆಂಬುದು ಕುತೂಹಲಕರ. ನೆಪೋಲಿಯನ್ನನ ಆಡಳಿತದಲ್ಲಿ ಕೋಕ್‌ಬೇರ್ ದ ಮೋಂಬ್ರೆ ಎಂಬ ಅಧಿಕಾರಿ ಸಾಮ್ರಾಜ್ಯದ ನಾನಾ ಆಡುನುಡಿಗಳಲ್ಲಿ ಬೈಬಲ್ಲಿನ ‘ದಾರಿ ತಪ್ಪಿದ ಮಗ’ನ ಸಾಮತಿಯ ಅನುವಾದಗಳನ್ನು ತರಿಸಿಕೊಂಡನು. ಕನ್ನಡ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಕಥೆ ಅಪರಿಚಿತವಲ್ಲ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆ ತನ್ನ ಮಾದರಿಪಾಠವಾಗಿ ಆರಿಸಿಕೊಂಡದ್ದೂ ಇದೇ ಸಾಮತಿಯನ್ನು.

ಈ ಸಂಗ್ರಹಗಳೆಲ್ಲ ಕಾಗದದ ಮೇಲಿನವು. ಯಂತ್ರ ಬರುವ ಮುನ್ನ ಮನುಷ್ಯನ ಕಿವಿಯೇ ಉಪಕರಣ. ಝಿಲ್ಯೆರೋನ್ ರೂಪಿಸಿದ ಫ್ರಾನ್ಸಿನ ಭಾಷಾ ಭೂಪಟಕ್ಕಾಗಿ ಎಡ್ಮೋನ್ ಎಂಬ ಕ್ಷೇತ್ರಕಾರ್ಯಕರ್ತ 639 ಊರುಗಳಲ್ಲಿ ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಂಡನು. ಅವನ ಕಿವಿ ಅಸಾಧಾರಣವಾದದ್ದು, ನಿಜ. ಆದರೆ ಅವನು ಕೇಳಿಸಿಕೊಂಡದ್ದನ್ನು ಇಂದು ಯಾರೂ ಮತ್ತೆ ಕೇಳಿ ಪರೀಕ್ಷಿಸಲಾರರು. ಈ ಕೊರತೆಯನ್ನು ತುಂಬಲು ಫೆರ್ದಿನಾಂ ಬ್ರ್ಯೂನೋ 1911ರಲ್ಲಿ ಪಾತೆ ಸಂಸ್ಥೆಯ ನೆರವಿನಿಂದ ಸೋರ್ಬೋನ್‌ನಲ್ಲಿ ‘ಮಾತಿನ ದಫ್ತರ’ವನ್ನು ಸ್ಥಾಪಿಸಿದನು. ಮರುವರ್ಷ ಆರ್ದೆನ್ ಪ್ರದೇಶಕ್ಕೂ, 1913ರಲ್ಲಿ ಬೆರ್ರಿ ಮತ್ತು ಲಿಮೂಸೇನ್ ಪ್ರದೇಶಗಳಿಗೂ ಯಂತ್ರವನ್ನು ಕೊಂಡೊಯ್ದು ಹಳ್ಳಿಗರ ಮಾತು, ಹಾಡುಗಳನ್ನು ಮುದ್ರಿಸಿಕೊಂಡನು. ಈ ತಟ್ಟೆಗಳು ಈಗ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಸಂಗ್ರಹದಲ್ಲಿವೆ. ಹಲವನ್ನು ಅಂತರಜಾಲದಲ್ಲಿ ಕೇಳಬಹುದು. ಅದೇ ದಫ್ತರದಲ್ಲಿ 1913ರ ಡಿಸೆಂಬರ್ 24ರಂದು ಕವಿ ಅಪೊಲಿನೇರ್ ತನ್ನ ಕವಿತೆಗಳನ್ನು ಓದಿದನು. ಆ ವರ್ಷವಷ್ಟೇ ಬಂದ ತನ್ನ ಸಂಕಲನದಿಂದ ಅವನು ಲೇಖನಚಿಹ್ನೆಗಳನ್ನೆಲ್ಲ ತೆಗೆದುಹಾಕಿದ್ದನು. ಎಲ್ಲಿ ನಿಲ್ಲಬೇಕೆಂದು ಪುಟ ಹೇಳುವುದಿಲ್ಲ, ದನಿ ಹೇಳುತ್ತದೆ. ಕವಿತೆ ಓದಿಸುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಹಾಗೆಂದು ದನಿಯನ್ನು ಸತ್ಯವೆಂದೇ ನಂಬುವಂತಿಲ್ಲ. ಜನರಲ್ ದ ಗೋಲ್ 1940ರ ಜೂನ್ 18ರಂದು ಲಂಡನ್ನಿನಿಂದ ಮಾಡಿದ ಬಾನುಲಿ ಭಾಷಣ ಫ್ರೆಂಚ್ ರಾಷ್ಟ್ರೀಯ ನೆನಪಿನ ಕೇಂದ್ರದಲ್ಲಿದೆ. ಆದರೆ ಆ ದಿನದ ಧ್ವನಿಮುದ್ರಣ ಉಳಿದಿಲ್ಲ. ಅದೆಂದೇ ಹಲವೆಡೆ ಕೇಳಿಸಲಾಗುವುದು ಜೂನ್ 22ರ ಭಾಷಣ. ಶಾಸನದ ಕಾಲನಿರ್ಣಯದಲ್ಲಿ ಕನ್ನಡ ವಿದ್ವಾಂಸರು ತೋರುವ ಎಚ್ಚರ ಧ್ವನಿಗೂ ಬೇಕೆಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಇನ್ನು ರೇಡಿಯೋ ಫ್ರಾನ್ಸ್ ಇಂಟರ್ನ್ಯಾಷನಲ್‌ನ ‘ಸುಲಭ ಫ್ರೆಂಚಿನಲ್ಲಿ ವಾರ್ತೆ’ ಕಲಿಯುವವರಿಗೆ ಉಪಯುಕ್ತ. ಹತ್ತು ನಿಮಿಷದ ಈ ವಾರ್ತೆಗೆ ಲಿಖಿತ ಪಾಠವೂ ದೊರೆಯುತ್ತದೆ. ಆದರೆ ಅದು ಪ್ಯಾರಿಸಿನ ಸ್ಟುಡಿಯೋದ ಫ್ರೆಂಚ್. ಸಾಮಾನ್ಯರ ಬದುಕನ್ನು ಅವರದೇ ಮಾತಿನಲ್ಲಿ, ವ್ಯಾಖ್ಯಾನದ ಹಂಗಿಲ್ಲದೆ ಕೇಳಬೇಕಾದರೆ ಫ್ರಾನ್ಸ್ ಕಲ್ಚರ್ ವಾಹಿನಿ 2002ರಿಂದ ಪ್ರಸಾರ ಮಾಡುತ್ತ ಬಂದ ‘ನೆಲದ ಮೇಲೆ ಕಾಲೂರಿ’ ಎಂಬರ್ಥದ ಹೆಸರಿನ ಸರಣಿಗೆ ಕಿವಿಗೊಡಬೇಕು.

ಉಚ್ಚಾರಣೆಯ ಪ್ರಶ್ನೆ ಫ್ರಾನ್ಸಿನಲ್ಲಿ ಮುಗಿದ ಅಧ್ಯಾಯವಲ್ಲ. ಮಾತಿನ ಧಾಟಿಯ ಕಾರಣಕ್ಕೆ ತಾರತಮ್ಯ ಮಾಡುವುದನ್ನು ಶಿಕ್ಷಾರ್ಹಗೊಳಿಸುವ ಮಸೂದೆಯೊಂದನ್ನು 2020ರ ನವೆಂಬರಿನಲ್ಲಿ ಅಲ್ಲಿನ ರಾಷ್ಟ್ರೀಯ ಸಭೆ ಮೊದಲ ವಾಚನದಲ್ಲಿ ಅಂಗೀಕರಿಸಿತು. ರಾಯಚೂರು, ದೇವದುರ್ಗ, ಮಾನ್ವಿಗಳಿಂದ ಬೆಂಗಳೂರಿಗೆ ಓದಲು ಹೋದ ವಿದ್ಯಾರ್ಥಿ ಮೊದಲ ವಾರದಲ್ಲೇ ‘ಅದ’, ‘ಹೋಗ್ಯಾನ’ಗಳನ್ನು ನುಂಗಿಕೊಳ್ಳಲು ಕಲಿಯುವುದನ್ನು ಬಲ್ಲವರಿಗೆ ಈ ಮಸೂದೆಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇಲ್ಲಿಂದ ಗಬ್ಬೂರಿನ ಕಡೆಗೆ ತಿರುಗಬಹುದು. ದೇವದುರ್ಗ ತಾಲ್ಲೂಕಿನ ಈ ಊರು ತನ್ನ ಪ್ರಾಚೀನ ದೇವಾಲಯಗಳಿಂದಲೂ ಶಾಸನಗಳಿಂದಲೂ ಇತಿಹಾಸಕಾರರಿಗೆ ಪರಿಚಿತ. ಕಲ್ಲಿನ ಕನ್ನಡಕ್ಕೆ ಇಲ್ಲಿ ಓದುಗರಿದ್ದಾರೆ. ಬಾಯಿಯ ಕನ್ನಡದ ಕಥೆ ಬೇರೆ. ಗ್ರಿಯರ್ಸನ್ನರ ಸಮೀಕ್ಷೆಯ ದ್ರಾವಿಡ ಸಂಪುಟ (1906) ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಮಾದರಿಗಳನ್ನು ಒಳಗೊಂಡಿತು. ನಿಜಾಮರ ಹೈದರಾಬಾದ್ ಸಂಸ್ಥಾನ ಆ ಸಮೀಕ್ಷೆಯ ಪರಿಧಿಗೇ ಬರಲಿಲ್ಲ. ಮದ್ರಾಸ್ ಪ್ರಾಂತ್ಯದ ಭಾಷೆಗಳನ್ನು ಗ್ರಾಮಫೋನಿನಲ್ಲಿ ಮುದ್ರಿಸಲಾಯಿತು. ಆ ಪಾಠಗಳನ್ನು ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ 1927ರಲ್ಲಿ ಪುಸ್ತಕವಾಗಿ ಪ್ರಕಟಿಸಿತು. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು, ಈಚೆ ದಂಡೆ ನಿಜಾಮರದು. ಹೊಳೆಯೊಂದು ಆಡಳಿತದ ಗಡಿಯಾದ ಕಾರಣಕ್ಕೆ ದೋಆಬಿನ ನುಡಿ ಎರಡೂ ಪ್ರಯತ್ನಗಳ ಹೊರಗುಳಿಯಿತು. ಮುಂದೆ ಆರ್. ಮಹಾದೇವನ್ ಅವರ ಗುಲ್ಬರ್ಗ ಕನ್ನಡದ ಅಧ್ಯಯನ (1968) ನೆರೆಯ ಪ್ರದೇಶದ ನುಡಿಯನ್ನು ವಿವರಿಸಿತಾದರೂ ಅದು ಕೂಡ ಬರಹವೇ.

ಬರಹ ಏನನ್ನು ಬಿಟ್ಟುಕೊಡುತ್ತದೆ ಎಂಬುದಕ್ಕೆ ಒಂದು ಸ್ವರ ಸಾಕು. ‘ಮ್ಯಾಲ’, ‘ಬ್ಯಾರೆ’, ‘ಹೋಗ್ಯಾನ’ ಎಂದು ಯಕಾರದ ಒತ್ತು ಹಚ್ಚಿ ಬರೆಯುವಲ್ಲಿ ಕಿವಿಗೆ ಕೇಳುವುದು ಯಕಾರವಲ್ಲ, ಬಾಯಿ ತೆರೆದು ಉಚ್ಚರಿಸುವ ಒಂದು ಸ್ವರ. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ಮೊಹರಮ್ಮಿನ ರಿವಾಯತ್ ಪದವನ್ನಾಗಲಿ ತತ್ವಪದವನ್ನಾಗಲಿ ಅಚ್ಚಿಗೆ ಇಳಿಸುವ ಸಂಪಾದಕರು ಇದನ್ನು ‘ಮೇಲೆ’, ‘ಬೇರೆ’ ಎಂದು ತಿದ್ದಿದರೆ ಪ್ರಾಸವೂ ಎಳೆತವೂ ಹೋಗುತ್ತವೆ. ಮಾನ್ವಿ ಸೀಮೆ ವಿಜಯದಾಸರು, ಜಗನ್ನಾಥದಾಸರನ್ನು ಕೊಟ್ಟ ನೆಲ. ಅವರ ರಚನೆಗಳನ್ನು ಇಂದಿಗೂ ಹಾಡುವವರ ಉಚ್ಚಾರಣೆ ಮುದ್ರಿತ ಪಾಠಕ್ಕೆ ಎಷ್ಟು ಸಮೀಪ, ಎಷ್ಟು ದೂರ ಎಂಬುದು ಪಾಠವಿಮರ್ಶೆಯ ಪ್ರಶ್ನೆಯೂ ಹೌದು.

ಇಂದು ಯಂತ್ರದ ಅಭಾವವಿಲ್ಲ. ಪ್ರತಿ ಸಂಶೋಧಕರ ಜೇಬಿನಲ್ಲೂ ಅದಿದೆ. ಅಭಾವವಿರುವುದು ಮುದ್ರಣದ ಜೊತೆಗಿರಬೇಕಾದ ವಿವರಗಳಿಗೆ. ಗಬ್ಬೂರಿನ ಕೂಲಿಕಾರ ಹೆಣ್ಣುಮಗಳೊಬ್ಬಳ ಮಾತನ್ನು ಮುದ್ರಿಸಿಕೊಂಡರೆ ಅವಳ ತವರೂರು, ವಯಸ್ಸು, ಶಾಲೆ ಕಂಡ ವರ್ಷಗಳು, ಮನೆಯಲ್ಲಿ ತೆಲುಗು ಅಥವಾ ಉರ್ದು ಇದೆಯೇ, ಸುಗ್ಗಿ ಮುಗಿದ ಮೇಲೆ ದುಡಿಯಲು ಹೋದ ಊರು ಯಾವುದು, ಮುದ್ರಣದ ವೇಳೆ ಎದುರಿಗೆ ಯಾರಿದ್ದರು ಎಂಬುದನ್ನೆಲ್ಲ ಬರೆದಿಡಬೇಕು. ಪ್ರಾಧ್ಯಾಪಕರ ಎದುರು ‘ರೀ’ ಹಚ್ಚಿ ಆಡುವ ಮಾತೇ ಬೇರೆ, ಓಣಿಯ ಗೆಳತಿಯೊಡನೆ ಆಡುವುದೇ ಬೇರೆ. ಅವಳ ಒಪ್ಪಿಗೆ ಮೊದಲು ಬರಬೇಕು, ಮುದ್ರಣದ ಒಂದು ಪ್ರತಿ ಅವಳ ಮನೆಯಲ್ಲೂ ಉಳಿಯಬೇಕು. ಲಿಖಿತ ಪಾಠವನ್ನು ಎರಡು ಸಾಲುಗಳಲ್ಲಿ, ಮೇಲೆ ಕೇಳಿದಂತೆ, ಕೆಳಗೆ ಶಿಷ್ಟರೂಪದಲ್ಲಿ, ಕೊಡುವುದು ಒಂದು ದಾರಿ. ಮೇಲಿನ ಸಾಲಿನಲ್ಲಿ ಆ ತೆರೆದ ಸ್ವರಕ್ಕೆ ಯಾವ ಚಿಹ್ನೆ ಬಳಸಬೇಕೆಂಬುದನ್ನು ವಿಭಾಗಗಳು ಒಟ್ಟಿಗೆ ಕುಳಿತು ತೀರ್ಮಾನಿಸಬೇಕಾಗಿದೆ.