ಉಪ್ಪುನೀರಿನ ಮೀನುತೊಟ್ಟಿ: ಮೀನು ಬರುವ ಮೊದಲಿನ ವಾರಗಳು

ಕಾಸರಗೋಡಿನ ಕರಾವಳಿಯ ಮಕ್ಕಳಿಗೆ ಕಡಲು ಹೊಸದಲ್ಲ. ಆದರೆ ಮೀನಿನ ಕಲ್ಮಷವನ್ನು ಕಡಲು ಹೇಗೆ ಅರಗಿಸಿಕೊಳ್ಳುತ್ತದೆ ಎಂಬುದು ಅವರ ಕಣ್ಣಿಗೆ ಬೀಳುವ ಸಂಗತಿಯಲ್ಲ. ಸಾರಜನಕ ಚಕ್ರದ ಈ ಭಾಗವನ್ನು ಉಪ್ಪುನೀರಿನ ತೊಟ್ಟಿಯೊಂದರಲ್ಲಿ ತೋರಿಸಬಹುದು. ವಿಜ್ಞಾನ ಮೇಳದ ಮುನ್ನಾದಿನ ತೊಟ್ಟಿ ತುಂಬಿಸಿ ಅಂದೇ ಮೀನು ಬಿಟ್ಟರೆ ಅದು ಕೆಲವೇ ದಿನಗಳಲ್ಲಿ ಸಾಯುವ ಸಂಭವವೇ ಹೆಚ್ಚು. ನೀರು ಕೆಟ್ಟದ್ದಿತ್ತೆಂದು ಮಕ್ಕಳು ತಿಳಿಯುತ್ತಾರೆ.

ಕೆಟ್ಟದ್ದು ನೀರಲ್ಲ. ಮೀನು ವಿಸರ್ಜಿಸುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ ಮತ್ತೊಂದು ಬಗೆ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವೆರಡೂ ಇರುವುದಿಲ್ಲ. ಸಮುದ್ರದ ನೀರು ತುಸು ಕ್ಷಾರೀಯವಾದುದರಿಂದ ಅಲ್ಲಿ ಅಮೋನಿಯಾದ ವಿಷವೂ ಹೆಚ್ಚು.

ಈ ಬ್ಯಾಕ್ಟೀರಿಯಾಗಳು ಅಂಟಿಕೊಂಡಿರುವ ಹಸಿ ಮರಳನ್ನು ಅಂಗಡಿಗಳಲ್ಲಿ ‘ಲೈವ್ ಸ್ಯಾಂಡ್’ ಎಂದು ಮಾರುತ್ತಾರೆ. ಇದನ್ನು ‘ಸಜೀವ ಮರಳು’ ಎಂದೊಡನೆ ತರಗತಿಯಲ್ಲಿ ತೊಡಕು ಹುಟ್ಟುತ್ತದೆ. ಮರಳು ನಿರ್ಜೀವವೆಂದು ಮಕ್ಕಳು ಕೆಳಗಿನ ತರಗತಿಯಲ್ಲೇ ಕಲಿತಿರುತ್ತಾರೆ. ಶಿಕ್ಷಕರು ಈ ತೊಡಕನ್ನು ಮರೆಸದೆ ಅದರಿಂದಲೇ ಪಾಠವನ್ನು ಆರಂಭಿಸುವುದು ಲೇಸು. ಹೆಪ್ಪಿನ ಹೋಲಿಕೆ ಇಲ್ಲಿ ಒಪ್ಪುತ್ತದೆ: ಒಣಕಲ್ಲು ಹಾಲಿದ್ದಂತೆ, ಹಸಿ ಮರಳು ಹೆಪ್ಪಿದ್ದಂತೆ. ವ್ಯತ್ಯಾಸವನ್ನೂ ಹೇಳಬೇಕು. ಹಾಲು ಒಂದು ರಾತ್ರಿಯಲ್ಲಿ ಮೊಸರಾದರೆ ಕಲ್ಲಿನ ಮೇಲೆ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಒಣಕಲ್ಲು ಎಂದರೆ ಜೀವಿಗಳಿಲ್ಲದ, ರಂಧ್ರಮಯವಾದ ಸುಣ್ಣದ ಕಲ್ಲು. ಊರಿನ ಮುರಕಲ್ಲಿನಲ್ಲೂ ರಂಧ್ರಗಳಿವೆ, ಆದರೆ ಅದು ಕಬ್ಬಿಣದ ಅಂಶವುಳ್ಳ ಕಲ್ಲು, ಇದಕ್ಕೆ ಸಲ್ಲದು. ಎರಡರ ಮೇಲೂ ವಿನೆಗರ್ ಹನಿಸಿ ಯಾವುದು ನೊರೆಯುತ್ತದೆಂದು ಮಕ್ಕಳೇ ನೋಡಲಿ. ಹವಳದ ತುಂಡುಗಳನ್ನು ಕಡಲಿನಿಂದ ತರಕೂಡದು. ಗಟ್ಟಿಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ.

ಮೊದಲು ಕಲ್ಲನ್ನು ತೊಟ್ಟಿಯ ತಳಕ್ಕೇ ಭದ್ರವಾಗಿ ಕೂರಿಸಬೇಕು. ಮರಳಿನ ಮೇಲಿಟ್ಟರೆ ಮುಂದೆ ಬಿಲ ತೋಡುವ ಜೀವಿಗಳು ಅದನ್ನು ಉರುಳಿಸಬಹುದು. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವಂತೆ ಮೀನುತೊಟ್ಟಿಯ ಸಮುದ್ರಲವಣವನ್ನು ಕರಗಿಸಬೇಕು; ಅಡುಗೆಯ ಉಪ್ಪು ಸಾಲದು. ನಲ್ಲಿಯ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಿಂದ ಅದನ್ನು ಮೊದಲೇ ನಿವಾರಿಸಬೇಕು. ಮರಳನ್ನು ತೊಳೆಯದೆ, ಒಣಗಲು ಬಿಡದೆ ಹರಡಿ, ಗಾಳಿಯ ಪಂಪನ್ನು ಸದಾ ನಡೆಸಬೇಕು. ಬ್ಯಾಕ್ಟೀರಿಯಾದ ಆಹಾರಕ್ಕೆ ಸಿಗಡಿಯ ಸಣ್ಣ ತುಣುಕೊಂದು ಸಾಕು. (ಮಕ್ಕಳು ಅದನ್ನು ಎಟ್ಟಿ ಎಂದೋ ಚೆಮ್ಮೀನ್ ಎಂದೋ ಕರೆದರೆ ಮೂರು ಹೆಸರುಗಳೂ ಹಲಗೆಯ ಮೇಲೆ ಬರಲಿ.) ಆವಿಯಾಗುವುದು ನೀರು ಮಾತ್ರ, ಲವಣವಲ್ಲ, ಆದ್ದರಿಂದ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು.

ಪಕ್ಕದಲ್ಲಿ, ಕುದಿಸಿದ ಮರಳು ಹಾಕಿದ ಇನ್ನೊಂದು ಜಾಡಿಯನ್ನು ಇದೇ ರೀತಿ ಸಜ್ಜುಗೊಳಿಸಿದರೆ ಹೋಲಿಕೆಗೆ ಅನುಕೂಲ. ಪರೀಕ್ಷಾ ಕಿಟ್‌ನಿಂದ ಎರಡು ದಿನಕ್ಕೊಮ್ಮೆ ಅಳೆದು ಮಕ್ಕಳು ನಕ್ಷೆ ಬರೆಯಲಿ. ಅಮೋನಿಯಾ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿಕೊಂಡ ಮೇಲೆ ಸ್ವಲ್ಪ ನೀರು ಬದಲಿಸಿ ಒಂದೇ ಮೀನನ್ನು ಬಿಡಬೇಕು. ಬ್ಯಾಕ್ಟೀರಿಯಾಗಳ ಸಂಖ್ಯೆ ದೊರೆಯುವ ಆಹಾರಕ್ಕೆ ತಕ್ಕಷ್ಟೇ ಇರುವುದರಿಂದ ಎರಡನೆಯ ಮೀನು ಇನ್ನೂ ಕೆಲವು ವಾರ ಕಾಯಬೇಕು.