ಓದು, ದುಡಿಮೆ ಮತ್ತು ನಿದ್ದೆಯ ಸಾಲ

"ಡಾಕ್ಟ್ರೇ, ಇವನಿಗೊಂದು ಬಾಟಲ್ ಗ್ಲೂಕೋಸ್ ಹಾಕಿಬಿಡಿ, ಪರೀಕ್ಷೆ ಹತ್ತಿರ ಬಂತು" ಎನ್ನುತ್ತಾ ತಾಯಿಯೊಬ್ಬರು ಇಪ್ಪತ್ತರ ವಯಸ್ಸಿನ ಮಗನನ್ನು ಕೃಷ್ಣರಾಜಪುರದ ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಹುಡುಗನ ದೂರು ತಲೆನೋವು, ಹೊಟ್ಟೆ ಉರಿ ಮತ್ತು ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು. ಮೊಣಕೈ ಮೇಲೆ ತರಚು ಗಾಯವೊಂದು ಒಣಗುತ್ತಿತ್ತು. ಅದರ ಬಗ್ಗೆ ಅವನು ಬಾಯಿ ಬಿಡಲಿಲ್ಲ.

ಗ್ಲೂಕೋಸಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಶೇಕಡಾ 5ರ ಗ್ಲೂಕೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿ ಸಿಗುವುದು 25 ಗ್ರಾಂ ಸಕ್ಕರೆ, ಅಂದರೆ ಸುಮಾರು 100 ಕ್ಯಾಲೊರಿ ಅಷ್ಟೆ. ಎರಡು ಇಡ್ಲಿ ಮತ್ತು ಸಾಂಬಾರಿನಲ್ಲಿ ಅದಕ್ಕಿಂತ ಹೆಚ್ಚು ಶಕ್ತಿ ಇದೆ, ಸೂಜಿಯ ನೋವೂ ಇಲ್ಲ.

ತಾಯಿಯನ್ನು ಹೊರಗೆ ಕೂರಿಸಿ ಹುಡುಗನ ದಿನಚರಿ ಕೇಳಿದೆ. ಬೆಳಿಗ್ಗೆ 6.30ಕ್ಕೆ ಏಳುತ್ತಾನೆ. ತಿಂಡಿ ತಿನ್ನದೆ ಮೆಟ್ರೊ ಹಿಡಿದು ಶಿವಾಜಿನಗರದ ಕಾಲೇಜಿಗೆ ಹೋಗುತ್ತಾನೆ. ಹನ್ನೊಂದಕ್ಕೆ ಬೇಕರಿಯ ಪಫ್ಸ್, ಟೀ. ಮಧ್ಯಾಹ್ನ 3.30ಕ್ಕೆ ಮನೆ. ಸಂಜೆ 6ರಿಂದ ರಾತ್ರಿ 1ರವರೆಗೆ ಇಂದಿರಾನಗರದಲ್ಲಿ ಬೈಕಿನ ಮೇಲೆ ಮನೆಮನೆಗೆ ಊಟ ತಲುಪಿಸುವ ಕೆಲಸ, ವಾರದ ಏಳೂ ದಿನ. ಮಲಗುವಾಗ 2 ಗಂಟೆ. ಹಿಂದಿನ ವಾರ ಮನೆಗೆ ಮರಳುವಾಗ ಟಿನ್ ಫ್ಯಾಕ್ಟರಿ ಬಳಿ ಓಡುವ ಬೈಕಿನಲ್ಲೇ ಕಣ್ಣು ಮುಚ್ಚಿಹೋಗಿ ಬಿದ್ದಿದ್ದ. "ಅಮ್ಮನಿಗೆ ಹೇಳಬೇಡಿ ಸಾರ್" ಎಂದ.

ಈ ವಯಸ್ಸಿನವರಿಗೆ ರಾತ್ರಿ 7ರಿಂದ 9 ಗಂಟೆ ನಿದ್ದೆ ಬೇಕು. ಇವನಿಗೆ ಸಿಗುತ್ತಿದ್ದುದು ನಾಲ್ಕೂವರೆ. ಕನಿಷ್ಠ ಲೆಕ್ಕ ಹಿಡಿದರೂ ಕಾಲೇಜಿನ ಆರು ದಿನಗಳಲ್ಲೇ 15 ಗಂಟೆ ಬಾಕಿ. ಈ ಸಾಲ ಏನು ಮಾಡುತ್ತದೆ? 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಅಳೆದು ನೋಡಿದರು. ಸತತ 17 ಗಂಟೆ ಎಚ್ಚರವಿದ್ದವರ ಕಣ್ಣು-ಕೈಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05 ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 0.03. ಬೆಳಿಗ್ಗೆ 6.30ಕ್ಕೆ ಎದ್ದವನಿಗೆ ರಾತ್ರಿ 11.30ಕ್ಕೆ 17 ಗಂಟೆ ತುಂಬುತ್ತದೆ. ಆಮೇಲೂ ಒಂದೂವರೆ ಗಂಟೆ ಅವನು ಬೈಕ್ ಮೇಲಿರುತ್ತಾನೆ. ಪೊಲೀಸರು ಊದಿಸುವ ಯಂತ್ರದಲ್ಲಿ ನಿದ್ದೆಗೇಡು ಕಾಣುವುದಿಲ್ಲ, ಅಷ್ಟೆ.

ಮರೆವಿನ ಕಾರಣವೂ ಇಲ್ಲೇ ಇದೆ. ಹಗಲು ಓದಿದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ಬಹುಮಟ್ಟಿಗೆ ನಿದ್ದೆಯಲ್ಲಿ. ನಿದ್ದೆ ಬಿಟ್ಟು ಓದುವುದೆಂದರೆ ತೂತಿನ ಕೊಡಕ್ಕೆ ನೀರು ಸೇದಿದಂತೆ. ನಿದ್ದೆ ತಡೆಯಲು ರಾತ್ರಿ 11ಕ್ಕೆ ಕಾಫಿ ಕುಡಿದರೆ ಅದರ ಕೆಫೀನಿನ ಸುಮಾರು ಅರ್ಧ ಭಾಗ ಬೆಳಗಿನ ಜಾವ 4ಕ್ಕೂ ರಕ್ತದಲ್ಲಿರುತ್ತದೆ. ಶೇಕಡಾ 75 ಹಾಜರಿ ಬೇಕೆಂದು ಹುಡುಗರು ತಪ್ಪದೆ ತರಗತಿಗೆ ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಾರೆ. ಮೇಷ್ಟರಿಗೂ ಇದು ಗೊತ್ತು.

ಮುಂದಿನ ಸಲ ತಂದೆಯೂ ಬಂದರು. "ನಾನು ಹಗಲು ಕಾರ್ಖಾನೆಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು ಸಾರ್, ಇವನಿಗೇನು ಕಷ್ಟ?" ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ದೂರವಾಣಿನಗರದ ಐ.ಟಿ.ಐ. ಬಂದ ಮೇಲೆ ನಗರದ ಈ ಪೂರ್ವಭಾಗದಲ್ಲಿ ದುಡಿಯುತ್ತಲೇ ಓದಿದವರು ಬಹಳ ಜನ. ಆದರೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಎಷ್ಟು ಗಂಟೆಗೆ ಮಲಗುತ್ತಿದ್ದಿರಿ?" ಅವರು ಸ್ವಲ್ಪ ಯೋಚಿಸಿ "ಹತ್ತೂವರೆಗೆ" ಎಂದರು. ಮಗ ಆಗ ಬೈಕ್ ಬಿದ್ದ ಸಂಗತಿಯನ್ನು ತಾನೇ ಹೇಳಿದ.

ಕೆಲಸ ಬಿಡು ಎನ್ನುವುದು ಸುಲಭ, ಕಾಲೇಜು ಶುಲ್ಕ ಕಟ್ಟುವವನು ನಾನಲ್ಲವಲ್ಲ. ಆದ್ದರಿಂದ ಎಲ್ಲರೂ ಕೂತು ಲೆಕ್ಕ ಹಾಕಿದೆವು. ಕಾಲೇಜಿರುವ ದಿನ ಕೆಲಸ ರಾತ್ರಿ 10ಕ್ಕೆ ನಿಲ್ಲಬೇಕು, 11ಕ್ಕೆ ಮಲಗಬೇಕು. ಮನೆಗೆ ಬಂದೊಡನೆ ಊಟ, ಇಪ್ಪತ್ತು ನಿಮಿಷದ ನಿದ್ದೆ, ನಂತರ ಒಂದು ಗಂಟೆ ಓದು, ಆ ಹೊತ್ತಿನಲ್ಲಿ ಫೋನ್ ಅಮ್ಮನ ಬಳಿ. ಕಡಿಮೆಯಾದ ಗಳಿಕೆಯಲ್ಲಿ ಸ್ವಲ್ಪವನ್ನು ಭಾನುವಾರ ಹಗಲು ತುಂಬಿಕೊಳ್ಳುವುದು, ಆ ಸಂಜೆ ಗೆಳೆಯರೊಡನೆ ಕ್ರಿಕೆಟ್. ಕ್ರಿಕೆಟ್ಟಿಗೆ ತಂದೆ ಮುಖ ಸಿಂಡರಿಸಿದರು. ಅದನ್ನು ಔಷಧಿ ಚೀಟಿಯಲ್ಲೇ ಬರೆದುಕೊಟ್ಟೆ. ಬೈಕಿನ ಕಂತಿಗೆ ಈಗ ತಂದೆ ಒಂದಿಷ್ಟು ಸೇರಿಸಬೇಕಾಗಿದೆ.

ಹೆಣ್ಣುಮಕ್ಕಳ ಕಥೆ ಬೇರೆ. ಕಾಲೇಜು ಮುಗಿಸಿ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಲ್ಲಿ ಸಂಜೆಯಿಡೀ ನಿಂತು ದುಡಿಯುವವರಲ್ಲಿ ಕೆಲವರು, ಶೌಚಾಲಯದ ತೊಂದರೆಗೆ ಹೆದರಿ ನೀರನ್ನೇ ಕುಡಿಯುವುದಿಲ್ಲ. ಉರಿಮೂತ್ರಕ್ಕೆ ಇದೂ ಒಂದು ಕಾರಣ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು ಇದ್ದರೆ ಹಿಮೋಗ್ಲೋಬಿನ್ ಪರೀಕ್ಷಿಸಿ. ಅದು 12 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಚೆನ್ನಾಗಿ ಸೇರುತ್ತದೆ.

ಎಲ್ಲ ಸುಸ್ತನ್ನೂ ನಿದ್ದೆಗೇಡಿನ ತಲೆಗೆ ಕಟ್ಟಬೇಡಿ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕಫ ಪರೀಕ್ಷೆ ಆಗಲೇಬೇಕು, ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಶಿವಾಜಿನಗರದ ಬೌರಿಂಗ್, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗಳು ಈ ಭಾಗದವರಿಗೆ ಹತ್ತಿರ. ಎರಡು ವಾರ ಯಾವುದರಲ್ಲೂ ಆಸಕ್ತಿ ಇಲ್ಲದೆ, ಸ್ನೇಹಿತರನ್ನೂ ಬಿಟ್ಟು ಮಗ ಅಥವಾ ಮಗಳು ಮಂಕಾಗಿ ಕೂತರೆ ಸೋಮಾರಿ ಎಂದು ಬೈಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಸಾಯುವ ಮಾತು ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಒಂದು ತಿಂಗಳ ನಂತರ ಆ ತಾಯಿ ಒಬ್ಬರೇ ಬಂದಿದ್ದರು. ಮಗನ ತಲೆನೋವು ಕಡಿಮೆಯಾಗಿದೆ, ತಿಂಡಿ ತಿಂದು ಹೋಗುತ್ತಾನೆ ಎಂದರು. "ಆದರೆ ಡಾಕ್ಟ್ರೇ, ಭಾನುವಾರ ಎಂಟಾದರೂ ಏಳಲ್ಲ. ಇದಕ್ಕೇನಾದರೂ ಮಾತ್ರೆ ಇದೆಯಾ?" ಮಲಗಲಿ ಬಿಡಿ ಅಮ್ಮ ಎಂದೆ.